ಮೇಪಲ್ ಮರ: ಕೊಂಬೆ ಸವರುವ ಕ್ರಮ, ಬುಡ ಕಾಯುವ ಬಗೆ

ಅಮೆರಿಕದ ಈಶಾನ್ಯ ರಾಜ್ಯಗಳಲ್ಲೂ ಪೂರ್ವ ಕೆನಡಾದಲ್ಲೂ ಮನೆಯಂಗಳದ ನೆರಳಿಗೆ ಹೆಚ್ಚಾಗಿ ಬೆಳೆಸುವ ಮರಗಳಲ್ಲಿ ಮೇಪಲ್ ಒಂದು. ಸಿಹಿ ಪಾಕ ಕೊಡುವ ಶುಗರ್ ಮೇಪಲ್, ಕೆಂಪು ಮೇಪಲ್, ಬೇಗ ಬೆಳೆದು ಬೇಗ ಮುರಿಯುವ ಸಿಲ್ವರ್ ಮೇಪಲ್, ಯುರೋಪಿನಿಂದ ಬಂದ ನಾರ್ವೆ ಮೇಪಲ್, ಗಿಡ್ಡನೆಯ ಜಪಾನಿ ಮೇಪಲ್ ಅಲ್ಲಿ ಸಾಮಾನ್ಯ. ಊರಿನಲ್ಲಿ ಮಾವು, ಸಂಪಿಗೆ ಬೆಳೆಸಿ ಬಲ್ಲ ಕನ್ನಡಿಗರಿಗೂ ಇದರ ಸ್ವಭಾವ ಹೊಸದು. ಎಲೆಯನ್ನೆಲ್ಲ ಉದುರಿಸಿ ನಿಲ್ಲುವ ಈ ಮರ ಚಳಿಗಾಲ ಮುಗಿಯುವ ಮೊದಲೇ ಒಳಗೆ ರಸ ಹರಿಸತೊಡಗುತ್ತದೆ.

ಸವರುವ ಮೊದಲು ತಿಳಿಯಬೇಕಾದ ಸಂಗತಿಯೊಂದಿದೆ. ಮನುಷ್ಯನ ಗಾಯದಂತೆ ಮರದ ಗಾಯ ಮಾಯುವುದಿಲ್ಲ. ಮರ ಗಾಯದ ಸುತ್ತ ತಡೆ ಕಟ್ಟಿ, ಮೇಲೆ ಹೊಸ ಕಟ್ಟಿಗೆಯನ್ನು ಬೆಳೆಸಿ ಅದನ್ನು ಮುಚ್ಚಿಬಿಡುತ್ತದೆ. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ ಇದನ್ನು ವಿವರಿಸಿದರು. ಆದ್ದರಿಂದ ಗಾಯ ಚಿಕ್ಕದಾಗಿರಬೇಕು, ಸರಿಯಾದ ಜಾಗದಲ್ಲಿರಬೇಕು.

ಯಾವಾಗ ಸವರಬೇಕು?

ಚಳಿಗಾಲದ ಕೊನೆಯಲ್ಲಿ ಕತ್ತರಿಸಿದರೆ ಗಾಯದಿಂದ ರಸ ಸುರಿಯುತ್ತದೆ. ಇದರಿಂದ ಮರಕ್ಕೆ ಹೇಳಿಕೊಳ್ಳುವಂಥ ಹಾನಿಯಿಲ್ಲ. ಆದರೂ ಸೋರಿಕೆ ಬೇಡವೆನ್ನುವವರು ಎಲೆ ಪೂರ್ತಿ ಬಲಿಯುವ ಜೂನ್ ಕೊನೆ ಅಥವಾ ಜುಲೈವರೆಗೆ ಕಾಯಬಹುದು. ಎಲೆ ಬಿಚ್ಚಿಕೊಳ್ಳುವ ವಸಂತದಲ್ಲಿ ತೊಗಟೆ ಸುಲಭವಾಗಿ ಕಿತ್ತುಬರುತ್ತದೆ, ಎಲೆ ಉದುರುವ ಕಾಲದಲ್ಲಿ ಗಾಯ ಮುಚ್ಚುವುದು ನಿಧಾನ. ಈ ಎರಡೂ ಹೊತ್ತು ಬೇಡ. ಒಣಗಿದ, ಮುರಿದು ನೇತಾಡುವ ಕೊಂಬೆಗಳನ್ನು ಮಾತ್ರ ಯಾವಾಗ ಬೇಕಾದರೂ ತೆಗೆಯಬಹುದು.

ಸವರುವ ಹಂತಗಳು

1. ಮೊದಲು ಮರದ ಸುತ್ತ ಒಂದು ಬಾರಿ ನಡೆದು ನೋಡಬೇಕು. ಒಣಗಿದ್ದು, ರೋಗ ತಗುಲಿದ್ದು, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ಗುರುತು ಮಾಡಿಕೊಳ್ಳಬೇಕು.

2. ಮೇಪಲ್‌ನ ಮೊಗ್ಗುಗಳು ಎದುರುಬದುರಾಗಿ ಹುಟ್ಟುವುದರಿಂದ, ತುದಿ ಮುರಿದಾಗ ಸಮಬಲದ ಎರಡು ಕವಲು ಏಳುವುದು ಹೆಚ್ಚು. ಇವುಗಳ ಸಂದಿ ಕಿರಿದಾಗಿದ್ದು ನಡುವೆ ತೊಗಟೆ ಸಿಕ್ಕಿಕೊಂಡಿದ್ದರೆ, ಗಾಳಿಗೋ ಹಿಮದ ಭಾರಕ್ಕೋ ಮುಂದೊಂದು ದಿನ ಮರ ಸೀಳುತ್ತದೆ. ಸಸಿಯಾಗಿದ್ದಾಗಲೇ ನೇರವಾದ ಒಂದನ್ನು ಉಳಿಸಿ ಇನ್ನೊಂದನ್ನು ಮೊಟಕುಗೊಳಿಸಬೇಕು. ಆಗ ಹೆಬ್ಬೆರಳ ಗಾತ್ರದ ಗಾಯದಲ್ಲಿ ಮುಗಿಯುವ ಕೆಲಸ, ಇಪ್ಪತ್ತು ವರ್ಷದ ನಂತರ ತೊಡೆಗಾತ್ರದ ಗಾಯ ಮಾಡುತ್ತದೆ.

3. ಕತ್ತರಿ, ಗರಗಸ ಹರಿತವಾಗಿರಬೇಕು. ರೋಗದ ಕೊಂಬೆ ಕತ್ತರಿಸಿದ ಮೇಲೆ ಅಲಗನ್ನು ಶೇ 70ರ ಆಲ್ಕೊಹಾಲ್‌ನಿಂದ ಒರೆಸಬೇಕು.

4. ಕೊಂಬೆ ಕಾಂಡವನ್ನು ಸೇರುವಲ್ಲಿ ಉಂಗುರದಂಥ ಉಬ್ಬು ಇರುತ್ತದೆ. ಗಾಯ ಮುಚ್ಚುವ ಬೆಳವಣಿಗೆ ಹೊರಡುವುದು ಅಲ್ಲಿಂದ. ಉಬ್ಬಿಗೆ ತಾಗದಂತೆ, ಅದರ ಹೊರಗಿನಿಂದಲೇ ಕತ್ತರಿಸಬೇಕು. ಕಾಂಡಕ್ಕೆ ಸಮನಾಗಿ ಹೆರೆದರೆ ಉಬ್ಬು ಹೋಗುತ್ತದೆ. ಮೋಟು ಬಿಟ್ಟರೆ ಅದು ಕೊಳೆಯುತ್ತದೆ.

5. ಸುಮಾರು 5 ಸೆಂ.ಮೀ.ಗಿಂತ ದಪ್ಪನೆಯ ಕೊಂಬೆಗೆ ಮೂರು ಕೊಯ್ತ ಬೇಕು. ಕಾಂಡದಿಂದ ಒಂದಡಿ ದೂರದಲ್ಲಿ ಕೆಳಗಿನಿಂದ ಕಾಲುಭಾಗ ಕೊಯ್ಯುವುದು ಮೊದಲನೆಯದು. ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಪೂರ್ತಿ ಕೊಯ್ದು ಕೊಂಬೆ ಬೀಳಿಸುವುದು ಎರಡನೆಯದು. ಉಳಿದ ಮೋಟನ್ನು ಉಬ್ಬಿನ ಹೊರಗೆ ತೆಗೆಯುವುದು ಮೂರನೆಯದು. ಹೀಗೆ ಮಾಡಿದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನು ಸುಲಿದುಕೊಂಡು ಹೋಗುವುದಿಲ್ಲ.

6. ಗಾಯಕ್ಕೆ ಬಣ್ಣ, ಡಾಂಬರು ಬಳಿಯಬಾರದು. ಅದರಿಂದ ಕೊಳೆತ ನಿಲ್ಲುವುದಿಲ್ಲ.

7. ಒಂದು ವರ್ಷದಲ್ಲಿ ಹಸಿರಿನ ಕಾಲುಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಹಳೆಯ ಮರಕ್ಕೆ ಇನ್ನೂ ಕಡಿಮೆ. ಎತ್ತರ ಇಳಿಸಲು ತಲೆ ಕಡಿದರೆ, ಗಟ್ಟಿಯಾಗಿ ಅಂಟಿಕೊಳ್ಳದ ಚಿಗುರುಗಳು ಗುಂಪಾಗಿ ಎದ್ದು ಮರ ಮೊದಲಿಗಿಂತ ಅಪಾಯಕಾರಿಯಾಗುತ್ತದೆ. ಜಪಾನಿ ಮೇಪಲ್‌ಗೆ ಒಳಗಿನ ಒಣಕಡ್ಡಿ ಬಿಡಿಸಿ, ಅಡ್ಡಹಾಯುವ ಕೆಲವು ರೆಂಬೆ ತೆಗೆದರೆ ಸಾಕು.

ಬುಡದ ಆರೈಕೆ

ಮೇಪಲ್ ಬೇರು ಮೇಲ್ಮಣ್ಣಿನಲ್ಲೇ ಹರಡುತ್ತದೆ. ಮೇಲೆದ್ದ ಬೇರನ್ನು ಕಡಿಯುವುದೂ ಮಣ್ಣು ಸುರಿದು ಮುಚ್ಚುವುದೂ ತಪ್ಪು. 5ರಿಂದ 8 ಸೆಂ.ಮೀ. ದಪ್ಪಕ್ಕೆ ಮರದ ಚಕ್ಕೆಯ ಹೊದಿಕೆ ಹಾಕಿದರೆ ತೇವ ಉಳಿಯುತ್ತದೆ, ಹುಲ್ಲು ಕತ್ತರಿಸುವ ಯಂತ್ರವೂ ಬುಡಕ್ಕೆ ಬರುವುದಿಲ್ಲ. ಹೊದಿಕೆ ಕಾಂಡಕ್ಕೆ ತಾಗದೆ ಒಂದು ಗೇಣು ದೂರವಿರಬೇಕು. ಹೊಸದಾಗಿ ನೆಟ್ಟ ಮರಕ್ಕೆ ಮೊದಲ ಎರಡು ಮೂರು ವರ್ಷ, ಮಳೆಯಿಲ್ಲದಾಗ ವಾರಕ್ಕೊಮ್ಮೆ ಆಳಕ್ಕೆ ಇಳಿಯುವಷ್ಟು ನೀರು ಕೊಡಬೇಕು. ಬುಡವನ್ನೇ ಸುತ್ತಿ ಬಿಗಿಯುವ ಬೇರು, ಮುಖ್ಯವಾಗಿ ನಾರ್ವೆ ಮೇಪಲ್‌ನಲ್ಲಿ, ಕಂಡರೆ ಎಳೆಯದಾಗಿರುವಾಗಲೇ ಕತ್ತರಿಸಬೇಕು.

ಎಲೆಯ ಮೇಲೆ ಡಾಂಬರು ಹನಿಯಂಥ ಕಪ್ಪು ಚುಕ್ಕೆಗಳು ಕಂಡರೆ ಗಾಬರಿ ಬೇಡ. ಉದುರಿದೆಲೆ ಗುಡಿಸಿ ತೆಗೆದರೆ ಸೋಂಕು ತಗ್ಗುತ್ತದೆ. ಒಂದು ಪಕ್ಕದ ಕೊಂಬೆಗಳು ಮಾತ್ರ ಬೇಸಿಗೆಯಲ್ಲಿ ದಿಢೀರನೆ ಬಾಡಿದರೆ ಅದು ಮಣ್ಣಿನಿಂದ ಬರುವ ವರ್ಟಿಸಿಲಿಯಂ ಶಿಲೀಂಧ್ರದ ಲಕ್ಷಣವಿರಬಹುದು. ಅದಕ್ಕೆ ಔಷಧಿಯಿಲ್ಲ, ಒಣಗಿದ್ದನ್ನು ತೆಗೆದು, ನೀರು ಕೊಟ್ಟು ಮರದ ಬಲ ಉಳಿಸುವುದೊಂದೇ ದಾರಿ.

ನೆಲದ ಮೇಲೆ ನಿಂತು ಕೈಗೆಟಕುವ ಕೊಂಬೆಗಳಷ್ಟೇ ಮನೆಯವರ ಕೆಲಸ. ಏಣಿ ಹತ್ತಿ ಗರಗಸ ಹಿಡಿಯಬೇಕಾದ ಕೆಲಸವನ್ನೂ ವಿದ್ಯುತ್ ತಂತಿಯ ಹತ್ತಿರದ ಕೊಂಬೆಯನ್ನೂ ಪ್ರಮಾಣಪತ್ರವಿರುವ ಮರತಜ್ಞರಿಗೆ ಬಿಡಬೇಕು.