ಮಾವಿನ ಮರದಡಿ ಏನು ನೆಡಲಿ ಅಂದೆಯಲ್ಲ

ತಂಗೀ, ಯಲ್ಲಾಪುರದ ಹೊಸ ಮನೆಯ ಜೊತೆ ಹಳೇ ಮಾವಿನ ಮರವೂ ಸಿಕ್ಕಿದ್ದು ನಿನ್ನ ಪುಣ್ಯ. ಅದರಡಿ ಹುಲ್ಲೂ ಹುಟ್ಟುವುದಿಲ್ಲ ಅಂತ ಬೇಸರಪಟ್ಟೆ. ಲಾನಿನ ಹುಲ್ಲಿಗೆ ಬಿಸಿಲು ಬೇಕು, ಆ ಆಸೆ ಬಿಟ್ಟುಬಿಡು. ನೆರಳನ್ನೇ ಬಯಸುವ ಗಿಡಗಳಿಗೇನೂ ಬರವಿಲ್ಲ.

ಮೊದಲು ಗುದ್ದಲಿ ಒಳಗಿಡು. ತಾಯಿಬೇರು ಆಳಕ್ಕೆ ಇಳಿದಿದ್ದರೂ ಮರಕ್ಕೆ ಉಣಿಸುವ ಸಣ್ಣ ಬೇರುಗಳು ಹೆಚ್ಚಾಗಿ ಮೇಲಿನ ಒಂದೆರಡು ಅಡಿ ಮಣ್ಣಲ್ಲೇ ಹರಡಿರುತ್ತವೆ. ಇಡೀ ಜಾಗ ಅಗೆದು ಮಡಿ ಮಾಡಿದರೆ ಅವೆಲ್ಲ ತುಂಡಾಗುತ್ತವೆ. ಕುರ್ಪಿಯಲ್ಲಿ ಅಲ್ಲಲ್ಲಿ ಕೆದಕಿ ನೆಟ್ಟರಾಯಿತು. ದಪ್ಪ ಬೇರು ಅಡ್ಡ ಬಂದರೆ ನಾಲ್ಕು ಬೆರಳು ಆಚೆ ಸರಿ.

ಬುಡಕ್ಕೆ ಕಟ್ಟೆ ಕಟ್ಟಿ ಒಂದು ಗಾಡಿ ಕೆಂಪುಮಣ್ಣು ತುಂಬಿಸಿ ಅಂತ ಸಲಹೆ ಕೊಡುವವರು ಬಂದೇ ಬರುತ್ತಾರೆ. ಚಹಾ ಕೊಟ್ಟು ಕಳಿಸು. ಕಾಂಡದ ತೊಗಟೆ ಮಣ್ಣಲ್ಲಿ ಹೂತರೆ ತೇವಕ್ಕೆ ಕೊಳೆಯುತ್ತದೆ, ಕೆಳಗಿನ ಬೇರಿಗೆ ಗಾಳಿ ಸಿಗುವುದಿಲ್ಲ. ಮರ ಸೊರಗಲು ವರ್ಷಗಳೇ ಹಿಡಿಯುವುದರಿಂದ ಕಾರಣವೂ ಯಾರಿಗೂ ಹೊಳೆಯುವುದಿಲ್ಲ. ಬುಡದ ಸುತ್ತ ಎರಡು ಮೊಳ ಖಾಲಿ ಇರಲಿ, ಆಚೆಗೆಲ್ಲ ದರಕು ಹರಡು. ಗುಡಿಸಿ ಬೆಂಕಿ ಹಾಕಬೇಡ.

ಇನ್ನು ಮುಖ್ಯವಾದದ್ದು ನೀರು. ಮಾವು ಹೂ ಬಿಡಬೇಕಾದರೆ ಮಳೆಗಾಲ ಕಳೆದ ಮೇಲೆ ಚಳಿಯ ಜೊತೆ ಮಣ್ಣೂ ಒಣಗಬೇಕು. ನವೆಂಬರ್, ಡಿಸೆಂಬರಿನಲ್ಲಿ ಕೆಳಗಿನ ಗಿಡಗಳಿಗೆಂದು ದಿನಾ ಪೈಪು ಹಿಡಿದೆಯೋ, ಮರ ಚಿಗುರುತ್ತದೆ, ಹೂ ಕಡಿಮೆಯಾಗುತ್ತದೆ. ಹಾಗಾಗಿ ಮಳೆಯಲ್ಲಿ ಬೆಳೆದು ಚಳಿಗೆ ಮಲಗುವ ಗಿಡಗಳೇ ಇಲ್ಲಿಗೆ ಸರಿ. ಅರಿಶಿನದ್ದು ಅದೇ ಕ್ರಮ. ಮೇ ಕೊನೆಗೆ ಗೆಡ್ಡೆ ಇಟ್ಟರೆ ನಾಗರಪಂಚಮಿಯ ಕಡುಬಿಗೆ ಎಲೆ ಕೈಗೆ ಬರುತ್ತದೆ. ಸಂಕ್ರಾಂತಿಯ ಹೊತ್ತಿಗೆ ಎಲೆ ತಾನಾಗಿ ಒಣಗಿ ಬೀಳುತ್ತದೆ, ನೀರು ಕೇಳುವುದಿಲ್ಲ. ಗೆಡ್ಡೆ ಬಯಲಲ್ಲಿ ಬೆಳೆದಷ್ಟು ದಪ್ಪವಾಗದು, ನಮಗೆ ಎಲೆ ಮುಖ್ಯ ತಾನೇ! ನಿಮ್ಮೂರ ಮಳೆಗೆ ನೀರು ನಿಲ್ಲುವ ತಗ್ಗಿನಲ್ಲಿ ಮಾತ್ರ ಇಡಬೇಡ, ಕೊಳೆಯುತ್ತದೆ. ಅಂಥ ತಗ್ಗಿಗೆ ಕೆಸು ಹಾಕು, ಪತ್ರೊಡೆಗೆ ಆಯಿತು. ಮರಗೆಸು ಸಿಕ್ಕರೆ ಪಾಚಿ ಹಿಡಿದ ಕವಲಿಗೆ ಸಿಕ್ಕಿಸು, ಅದಕ್ಕೆ ನೆಲವೇ ಬೇಡ.

ಬೆಳಗಿನ ಬಿಸಿಲು ನುಸುಳುವ ಅಂಚಿಗೆ ಕನಕಾಂಬರ ಚೆನ್ನ. ವರ್ಷವಿಡೀ ನೀರು ಬೇಡುವ ಜರಿಗಿಡಗಳನ್ನು ಕುಂಡದಲ್ಲಿಟ್ಟರೆ ನೀರು ಅಲ್ಲಿಗೇ ಸೀಮಿತ. ಮನಿ ಪ್ಲಾಂಟ್ ಮಾತ್ರ ಕಾಂಡಕ್ಕೆ ಹಬ್ಬಿಸಬೇಡ. ಮೇಲೇರಿದಷ್ಟೂ ಎಲೆ ಮೊರದಗಲ ಆಗುತ್ತದೆ, ಆಮೇಲೆ ಕೆಳಗಿಳಿಸುವ ಹೊತ್ತಿಗೆ ಸಾಕುಸಾಕಾಗುತ್ತದೆ. ಬಳ್ಳಿ ಬೇಕೇ ಬೇಕೆಂದರೆ ಉತ್ತರ ದಿಕ್ಕಿಗೆ ಒಂದು ಕಾಳುಮೆಣಸು ಇಡು; ಬುಡದ ಹತ್ತಿರ ಬರಲು ಅದೊಂದಕ್ಕೆ ನನ್ನ ಒಪ್ಪಿಗೆ.

ಹೂ ಬಿಟ್ಟಾಗ ಮಾವಿಗೆ ಜಿಗಿಹುಳು ಬಿದ್ದರೆ ಕೆಳಗಿನ ಎಲೆಗಳ ಮೇಲೆ ಅಂಟು ಸುರಿದು ಕಪ್ಪು ಬೂಷ್ಟು ಹಿಡಿಯುತ್ತದೆ. ಗಾಬರಿಯಾಗಿ ಗಿಡ ಕಿತ್ತೆಸೆಯಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ.

ಈ ಮಳೆಗಾಲಕ್ಕೆ ಅರಿಶಿನ, ಕೆಸು ಎರಡೇ ಸಾಕು. ಬೀಜದ ಗೆಡ್ಡೆ ನಮ್ಮಲ್ಲಿ ಬೇಕಾದಷ್ಟಿದೆ, ಶಿರಸಿಗೆ ಬಂದಾಗ ಚೀಲ ತಾ.