ಎಂಟು ಗುರುತುಗಳ ಕಾವಲು

ಜಾತ್ರೆಯ ಗದ್ದಲದಲ್ಲಿ ದೂರದಿಂದ ‘ರಾಮಾ’ ಎಂದು ಕೂಗಿದರೆ ‘ಶಾಮಾ’ ಎಂದು ಕೇಳಿಸುವುದುಂಟು. ಆದರೆ ‘ಮೃತ್ಯುಂಜಯಾ’ ಎಂಬ ಕೂಗಿನ ಒಂದೆರಡು ಅಕ್ಷರಗಳು ಗಾಳಿಗೆ ಹಾರಿಹೋದರೂ ಅದನ್ನು ಯಾರೂ ‘ರಾಮಾ’ ಎಂದು ಭ್ರಮಿಸಲಾರರು. ಹೆಸರುಗಳು ಒಂದಕ್ಕೊಂದು ದೂರವಾದಷ್ಟೂ ತಪ್ಪು ಕಡಿಮೆ. ಮೊಬೈಲ್ ದೂರವಾಣಿಯ ಒಂದು ಸೊಗಸಾದ ಉಪಾಯವು ಈ ಸಣ್ಣ ಮಾತಿನ ಮೇಲೆಯೇ ನಿಂತಿರುವುದು. ಅದನ್ನು ನಾವು ಇಲ್ಲಿ ಪರಿಶೀಲಿಸೋಣ.

ಮಾತುಕತೆಗಾಗಿ ನಿರ್ಮಿತವಾದ ಜಿ.ಎಸ್.ಎಂ. ಜಾಲದಲ್ಲಿ ಬರಹ, ಚಿತ್ರ ಮೊದಲಾದ ಮಾಹಿತಿಯನ್ನು ಸಣ್ಣ ಕಟ್ಟುಗಳಾಗಿ ಸಾಗಿಸಲು ಐರೋಪ್ಯ ತಜ್ಞರು 1990ರ ದಶಕದಲ್ಲಿ ಜಿ.ಪಿ.ಆರ್.ಎಸ್. ಎಂಬ ವ್ಯವಸ್ಥೆಯನ್ನು ರೂಪಿಸಿದರು. ಇದರಲ್ಲಿ ಒಂದೊಂದು ಕಟ್ಟಿಗೆ 456 ಬಿಟ್‌ಗಳು. ಬಿಟ್ ಎಂದರೆ 0 ಅಥವಾ 1 ಎಂಬ ಒಂದು ಅಂಕೆ. ದಾರಿಯಲ್ಲಿ ಅಲೆಗಳ ಗದ್ದಲದಿಂದ ಕೆಲವು 0ಗಳು 1 ಆಗುವುವು, ಕೆಲವು 1ಗಳು 0 ಆಗುವುವು. ಆದುದರಿಂದ ಮಾಹಿತಿಯ ಜೊತೆಗೆ ಕಾವಲಿನ ಬಿಟ್‌ಗಳನ್ನೂ ಕಳುಹಿಸಬೇಕು. ಕಾವಲು ಹೆಚ್ಚಿದರೆ ಭದ್ರತೆ ಹೆಚ್ಚು, ವೇಗ ಕಡಿಮೆ. ಕಾವಲು ಕಡಿಮೆಯಾದರೆ ಇದಕ್ಕೆ ವಿಪರೀತ. ಆದಕಾರಣ ಸಂದರ್ಭಕ್ಕೆ ತಕ್ಕಂತೆ ಆರಿಸಿಕೊಳ್ಳಲು ನಾಲ್ಕು ಸಂಕೇತ ಪದ್ಧತಿಗಳನ್ನು ಇಟ್ಟರು.

ಸಿ.ಎಸ್.-1 ಎಲ್ಲಕ್ಕಿಂತ ಭದ್ರವಾದುದು. ಇಲ್ಲಿ 181 ಬಿಟ್ ಮಾಹಿತಿ, 3 ನಿಯಂತ್ರಣ ಬಿಟ್, 40 ಪರೀಕ್ಷಾ ಬಿಟ್, 4 ಕೊನೆಯ ಬಿಟ್, ಒಟ್ಟು 228; ಸಂಕೇತಕ್ರಿಯೆಯಿಂದ ಇದು ಇಮ್ಮಡಿಸಿ 456 ಆಗುವುದು. ಸಿ.ಎಸ್.-4ರಲ್ಲಿಯಾದರೋ ಮಾಹಿತಿಯೇ 428. ನಿಯಂತ್ರಣಕ್ಕೆ 12, ಪರೀಕ್ಷೆಗೆ 16 ಮಾತ್ರ. ಇಲ್ಲಿ ಮಾಹಿತಿಯಲ್ಲಿನ ತಪ್ಪನ್ನು ಕಂಡುಹಿಡಿಯಬಹುದೇ ಹೊರತು ತಿದ್ದಲಾಗದು. ಉಳಿದೆರಡು ಇವುಗಳ ನಡುವಿನವು. ಒಂದು ಕಾಲಖಂಡದಲ್ಲಿ ಇವುಗಳ ವೇಗ ಸೆಕೆಂಡಿಗೆ ಕ್ರಮವಾಗಿ 9.05, 13.4, 15.6 ಮತ್ತು 21.4 ಕಿಲೋಬಿಟ್.

ಈಗ ಮುಖ್ಯವಾದ ಪ್ರಶ್ನೆ. ಕೈಸೇರಿದ 456 ಬಿಟ್‌ಗಳು ಯಾವ ಪದ್ಧತಿಯವೆಂದು ದೂರವಾಣಿಯು ಅರಿಯುವುದು ಹೇಗೆ? ತಪ್ಪು ಪದ್ಧತಿಯಿಂದ ಬಿಡಿಸಿದರೆ ಇಡೀ ಕಟ್ಟು ವ್ಯರ್ಥವಾಗುವುದು. ಪದ್ಧತಿಯ ಹೆಸರನ್ನು ಕಟ್ಟಿನೊಳಗೇ ಬರೆದಿಡುವುದಂತೂ ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗೆ ಇಟ್ಟಂತೆ. ಗುರುತು ಹೊರಗೇ ಇರಬೇಕು.

ಪ್ರತಿಯೊಂದು ಕಟ್ಟೂ ನಾಲ್ಕು ತುಂಡುಗಳಾಗಿ ಹೋಗುವುದು. ತುಂಡಿನ ನಡುವೆ ಮೊದಲೇ ಗೊತ್ತುಮಾಡಿದ 26 ಬಿಟ್‌ಗಳೂ, ಅವುಗಳ ಎಡಬಲದಲ್ಲಿ ಒಂದೊಂದು ಗುರುತಿನ ಬಿಟ್ಟೂ ಇರುವುವು. ಮಾತಿನ ಕರೆಗಳಲ್ಲಿ ಈ ಗುರುತುಗಳ ಕೆಲಸವೇ ಬೇರೆ: ಮಾತಿನ ಜಾಗವನ್ನು ಜಾಲದ ತುರ್ತು ಸೂಚನೆಗಾಗಿ ಕದ್ದುಕೊಳ್ಳಲಾಗಿದೆಯೇ ಎಂಬುದನ್ನು ತಿಳಿಸುವುದು. ಜಿ.ಪಿ.ಆರ್.ಎಸ್.ನಲ್ಲಿ ಆ ಕೆಲಸವಿಲ್ಲ. ಹೀಗೆ ಬಿಡುವಾದ ಎಂಟು ಬಿಟ್‌ಗಳಿಗೆ ಪದ್ಧತಿಯ ಹೆಸರನ್ನು ಸಾರುವ ಹೊಸ ಕೆಲಸವನ್ನು ಕೊಟ್ಟರು:

ಸಿ.ಎಸ್.-1 : 1 1 1 1 1 1 1 1
ಸಿ.ಎಸ್.-2 : 1 1 0 0 1 0 0 0
ಸಿ.ಎಸ್.-3 : 0 0 1 0 0 0 0 1
ಸಿ.ಎಸ್.-4 : 0 0 0 1 0 1 1 0

ನಾಲ್ಕು ಹೆಸರುಗಳಿಗೆ ಎರಡೇ ಬಿಟ್ ಸಾಕಲ್ಲವೇ, ಎಂಟೇಕೆ ಎಂದು ಜಾಣ ವಿದ್ಯಾರ್ಥಿಯು ಕೇಳಬಹುದು. ಮೇಲಿನ ಯಾವ ಎರಡು ಸಾಲುಗಳನ್ನಾದರೂ ಹೋಲಿಸಿ ನೋಡಿರಿ. ಅವು ಕನಿಷ್ಠ ಐದು ಸ್ಥಾನಗಳಲ್ಲಿ ಭಿನ್ನವಾಗಿರುವುವು. ಆದುದರಿಂದ ಎರಡು ಬಿಟ್ ಕೆಟ್ಟರೂ ಬಂದ ಸಾಲು ತನ್ನ ನಿಜವಾದ ಹೆಸರಿಗೆ ಎರಡೇ ಹೆಜ್ಜೆ ದೂರ. ಬೇರೆಯವಕ್ಕೆ ಮೂರಾದರೂ ಉಂಟು.

ಉದಾಹರಣೆಗೆ 0 1 1 0 1 0 0 0 ಎಂದು ಬಂದಿತೆನ್ನೋಣ. ಇದು ನಾಲ್ಕು ಸಾಲುಗಳಿಂದ ಕ್ರಮವಾಗಿ 5, 2, 3, 6 ಸ್ಥಾನಗಳಲ್ಲಿ ಭಿನ್ನವಾಗಿದೆ. ಅತ್ಯಂತ ಸಮೀಪದ್ದು ಸಿ.ಎಸ್.-2, ಅದೇ ಉತ್ತರ. ಮೂರು ಬಿಟ್ ಕೆಟ್ಟರೆ ಮೋಸವಾಗಬಹುದು. ಆಗ ಕಟ್ಟಿನೊಳಗಿನ ಪರೀಕ್ಷಾ ಬಿಟ್‌ಗಳು ಲೆಕ್ಕ ತಾಳೆಯಾಗದೆ ತಪ್ಪನ್ನು ಸಾಮಾನ್ಯವಾಗಿ ಬಯಲಿಗೆಳೆಯುವುವು. ಸಂಕೇತಗಳ ನಡುವಣ ಈ ದೂರದ ಗಣಿತವನ್ನು ಅಮೆರಿಕದ ರಿಚರ್ಡ್ ಹ್ಯಾಮಿಂಗ್ ಅವರು 1950ರಲ್ಲಿ ಪ್ರಕಟಿಸಿದರು. ಅದಕ್ಕೆ ಹ್ಯಾಮಿಂಗ್ ದೂರವೆಂದೇ ಹೆಸರಾಯಿತು.

ಮನೆಯಲ್ಲಿ ಇದನ್ನು ಆಟವಾಗಿ ಆಡಬಹುದು. ತಾಯಿಯೋ ತಂದೆಯೋ ಒಂದು ಸಾಲನ್ನಾರಿಸಿ, ಗುಟ್ಟಾಗಿ ಎರಡು ಅಂಕೆಗಳನ್ನು ಬದಲಿಸಿ ಬರೆದುಕೊಡಲಿ; ಮಕ್ಕಳು ಮೂಲವನ್ನು ಕಂಡುಹಿಡಿಯಲಿ. ಎಣಿಕೆ ಸರಿಯಾಗಿದ್ದರೆ ಸೋಲೇ ಇಲ್ಲ.

ನಾಲ್ಕನೆಯ ಪೀಳಿಗೆಯ ಜಾಲಗಳಲ್ಲಿ ಪದ್ಧತಿಗಳು ಹಲವು. ಗೋಪುರವು ದೂರವಾಣಿಗೆ ಮಾಹಿತಿ ಕಳುಹಿಸುವಾಗ ಪದ್ಧತಿಯನ್ನು ಐದು ಬಿಟ್‌ಗಳ ಸಂಖ್ಯೆಯಾಗಿ, ಬೇರೊಂದು ನಿಯಂತ್ರಣ ಸಂದೇಶದಲ್ಲಿ, 16 ಪರೀಕ್ಷಾ ಬಿಟ್‌ಗಳ ಕಾವಲಿನಲ್ಲಿ ತಿಳಿಸುವುದು. ಉಪಾಯ ಬದಲಾದರೂ ತತ್ತ್ವವು ಒಂದೇ: ಸಂದೇಶಕ್ಕಿಂತಲೂ ಅದನ್ನು ಬಿಡಿಸುವ ಗುರುತು ಹೆಚ್ಚು ಭದ್ರವಾಗಿರಬೇಕು.