ಕಡಲೆಯ ಹುಳಿ, ಎರೆಮಣ್ಣಿನ ಸುಣ್ಣ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆಹೊಲಗಳಲ್ಲಿ ಚಳಿಗಾಲದ ಬೆಳಿಗ್ಗೆ ಕಡಲೆಯ ಸಾಲುಗಳ ನಡುವೆ ನಡೆದವರು ಒಂದು ಸಂಗತಿಯನ್ನು ಬಲ್ಲರು: ಎಲೆ ಮುಟ್ಟಿದ ಕೈಗೆ ಹುಳಿ ಅಂಟಿಕೊಳ್ಳುತ್ತದೆ. ಗಿಡದ ಮೈಮೇಲಿನ ಸೂಕ್ಷ್ಮ ರೋಮಗಳು ಮ್ಯಾಲಿಕ್, ಆಕ್ಸಾಲಿಕ್ ಎಂಬ ಆಮ್ಲಗಳನ್ನು ಸ್ರವಿಸುವುದೇ ಇದಕ್ಕೆ ಕಾರಣ. ರಾತ್ರಿ ಗಿಡಗಳ ಮೇಲೆ ತೆಳುಬಟ್ಟೆಯನ್ನು ಹಾಸಿ, ಇಬ್ಬನಿಯೊಡನೆ ಅದು ಹೀರಿಕೊಂಡ ಹುಳಿಯನ್ನು ಬೆಳಿಗ್ಗೆ ಹಿಂಡಿ ಔಷಧಕ್ಕಾಗಿ ಕಾದಿಡುವ ಪದ್ಧತಿ ನಮ್ಮ ದೇಶದಲ್ಲಿ ಹಳೆಯದು.

ಆಮ್ಲವೆಂದರೇನು? ನೀರಿನಲ್ಲಿ ಜಲಜನಕದ ಅಯಾನುಗಳನ್ನು ಕೊಡುವ ವಸ್ತು ಆಮ್ಲ; ಹೈಡ್ರಾಕ್ಸಿಲ್ ಅಯಾನುಗಳನ್ನು ಕೊಡುವುದು ಪ್ರತ್ಯಾಮ್ಲ. ಈ ವಿವರಣೆಯನ್ನಿತ್ತ ಸ್ವೀಡನ್ನಿನ ಅರೇನಿಯಸ್‌ಗೆ 1903ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಇವೆರಡೂ ಕೂಡಿದಾಗ ಒಂದರ ಗುಣವನ್ನು ಇನ್ನೊಂದು ಅಳಿಸಿ, ನೀರೂ ಲವಣವೂ ಉಂಟಾಗುತ್ತವೆ.

ಇದನ್ನು ಮನೆಯಲ್ಲಿಯೇ ನೋಡಬಹುದು. ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದಕ್ಕೆ ಸುಣ್ಣದ ತಿಳಿನೀರಿನ ಒಂದು ಹನಿ ಹಾಕಿದರೆ ಅದು ಕೆಂಪಾಗುತ್ತದೆ. ಆರತಿಯ ಕೆಂಪುನೀರಿನ ಬಣ್ಣವೂ ಇದೇ. ಆ ಕಲೆಯ ಮೇಲೆ ನಿಂಬೆರಸ ಬಿದ್ದರೆ ಹಳದಿ ಮರಳುತ್ತದೆ. ಆದರೆ ಅರಿಶಿನವು ಆಮ್ಲವನ್ನೂ ಬರಿಯ ನೀರನ್ನೂ ಬೇರ್ಪಡಿಸಿ ತೋರಿಸದು. ಎರಡರಲ್ಲಿಯೂ ಅದು ಹಳದಿಯೇ. ಆದುದರಿಂದ ನಮಗೆ ಒಂದು ಅಳತೆ ಬೇಕು. 1909ರಲ್ಲಿ ಡೆನ್ಮಾರ್ಕಿನ ಸೊರೆನ್ಸನ್ ಪಿಎಚ್ ಎಂಬ ಅಳತೆಯನ್ನು ರೂಪಿಸಿದನು. ಅದರಲ್ಲಿ 7 ತಟಸ್ಥ. ಅದಕ್ಕಿಂತ ಕೆಳಗೆ ಆಮ್ಲ, ಮೇಲೆ ಪ್ರತ್ಯಾಮ್ಲ. ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು ಅಂತರ.

ಈಗ ಕಡಲೆಯ ಬುಡಕ್ಕೆ ಬರೋಣ. ಎರೆಮಣ್ಣಿನಲ್ಲಿ ಸಿಗುವ ಬಿಳಿಯ ಸುಣ್ಣದ ಹರಳಿನ ಮೇಲೆ ನಿಂಬೆರಸ ಹಿಂಡಿದರೆ ಗುಳ್ಳೆಗಳೇಳುತ್ತವೆ. ಹರಳಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ ಇಂಗಾಲದ ಡೈಆಕ್ಸೈಡ್ ಹೊರಡುತ್ತಿದೆಯೆಂದು ತಿಳಿಯಬೇಕು. ಎಲೆಯ ಮೇಲೆ ಆಮ್ಲ, ಬೇರಿನ ಬಳಿ ಪ್ರತ್ಯಾಮ್ಲ! ಇಂತಹ ಮಣ್ಣಿನ ಪಿಎಚ್ ಸಾಮಾನ್ಯವಾಗಿ 8ರ ಆಸುಪಾಸಿನಲ್ಲಿರುತ್ತದೆ.

ಇದರಿಂದ ರೈತನಿಗೇನು? ಸುಣ್ಣ ಹೆಚ್ಚಿರುವ ಮಣ್ಣಿನಲ್ಲಿ ಕಬ್ಬಿಣವು ಇದ್ದರೂ ಕರಗದೆ ಉಳಿಯುತ್ತದೆ, ಬೇರಿಗೆ ಸಿಗುವುದಿಲ್ಲ. ಆಗ ಕಬ್ಬು, ಶೇಂಗಾ ಮುಂತಾದ ಬೆಳೆಗಳ ಎಳೆಯ ಎಲೆಗಳು, ನರಗಳು ಹಸಿರಾಗಿದ್ದರೂ, ನಡುವೆ ಹಳದಿಯಾಗುತ್ತವೆ. ಮಲೆನಾಡಿನ ಹುಳಿಮಣ್ಣಿಗೆ ಸುಣ್ಣ ಹಾಕಿ ಫಲ ಪಡೆದರೆಂದು ಕೇಳಿ ನಾವೂ ಎರೆಹೊಲಕ್ಕೆ ಸುಣ್ಣ ಸುರಿದರೆ ತೊಂದರೆ ಹೆಚ್ಚೀತೇ ಹೊರತು ನೀಗದು. ಪಿಎಚ್ 5 ಇರುವ ಮಣ್ಣಿಗೂ 8 ಇರುವ ಮಣ್ಣಿಗೂ ಜಲಜನಕದ ಅಯಾನುಗಳ ಸಾಂದ್ರತೆಯಲ್ಲಿ ಸಾವಿರ ಪಟ್ಟು ಅಂತರವಿದೆಯಷ್ಟೆ! ಇಲ್ಲಿ ಕೃಷಿತಜ್ಞರು ಹೇಳುವ ಮದ್ದೇ ಬೇರೆ: ಅನ್ನಭೇದಿಯೆಂಬ ಫೆರಸ್ ಸಲ್ಫೇಟಿನ ತೆಳು ದ್ರಾವಣವನ್ನು ಎಲೆಗಳ ಮೇಲೆಯೇ ಸಿಂಪಡಿಸುವುದು.

2015ರಲ್ಲಿ ಆರಂಭವಾದ ಯೋಜನೆಯಂತೆ ರೈತರಿಗೆ ಕೊಡುವ ಮಣ್ಣು ಆರೋಗ್ಯ ಚೀಟಿಯಲ್ಲಿ ಪಿಎಚ್ ಅಂಕಿಯೂ ಇರುತ್ತದೆ. ನಮ್ಮ ವಿದ್ಯಾರ್ಥಿಗಳು ಮನೆಯಲ್ಲಿರುವ ಆ ಚೀಟಿಯನ್ನು ತೆಗೆದು, ಆ ಒಂದು ಅಂಕಿಯ ಅರ್ಥವನ್ನು ಹಿರಿಯರಿಗೆ ತಿಳಿಸಿಕೊಟ್ಟರೆ ಅವರು ಕಲಿತ ರಸಾಯನಶಾಸ್ತ್ರವು ಹೊಲದವರೆಗೆ ಹೋದಂತಾಯಿತು.